ನಾಲ್ಕನೆಯ ದಿಂಬು

ಅದು ಶುರುವಾದದ್ದು ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದಿದ್ದ ದಿನಗಳಲ್ಲಿ, ಬೆಳಕು ಹರಿಯುವ ಹೊತ್ತಿನಲ್ಲಿ. ನಲ್ಲಿಗೆ ನೀರು ಬಂದ ಸದ್ದು ಕೇಳಿ ಎದ್ದ ಮುದುಕ, ಬಕೆಟ್ಟು ಹಿಡಿದು ನಡುಮನೆ ದಾಟುತ್ತಿದ್ದವನು, ಸೊಸೆಯ ಕೋಣೆಯ ಮುಂದೆ ನಿಂತ. ಒಳಗೆ ಅವಳು ಮಲಗಿರಲಿಲ್ಲ, ಕೂತಿದ್ದಳು. ಬೆನ್ನ ಹಿಂದೆ ಗೋಡೆಗೆ ದಿಂಬುಗಳನ್ನು ಒಟ್ಟಿಕೊಂಡು, ದೂರದ ಬಸ್ಸಿನಲ್ಲಿ ಸೀಟು ಸಿಕ್ಕವರು ನಿದ್ದೆ ಹೋಗುವ ಹಾಗೆ ಗದ್ದ ಎದೆಗೆ ಆನಿಸಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ದಿಂಬುಗಳು ನಾಲ್ಕು. ಎಣಿಸಬೇಕಾಗಿರಲಿಲ್ಲ; ನಾಲ್ಕಕ್ಕೂ ಹತ್ತಿ ತುಂಬಿದ್ದು ಅವನ ಕೈ, ಬಾಯಿ ಹೊಲಿದದ್ದು ಅವನ ದಬ್ಬಣ. ತನ್ನ ಹಾಸಿಗೆ ಅಂಗಡಿಯಿಂದ ಕಾಣೆಯಾದವು ಇಲ್ಲಿವೆಯಲ್ಲ ಎಂಬ ಸಮಾಧಾನ ಮೊದಲು ಬಂತು. ಅದರ ಬೆನ್ನಿಗೇ, ತಾನು ನಿಂತಿರುವುದು ಎಲ್ಲಿ, ನೋಡುತ್ತಿರುವುದು ಏನನ್ನು ಎಂಬ ಹೆದರಿಕೆ. ಮಗ ಲಾರಿ ತೆಗೆದುಕೊಂಡು ಹೋಗಿ ವಾರವಾಗಿತ್ತು. ಮಗನಿಲ್ಲದ ಹೊತ್ತಿನಲ್ಲಿ, ನಿದ್ದೆಯಲ್ಲಿರುವ ಸೊಸೆಯನ್ನು ಮಾವ ನೋಡುತ್ತ ನಿಂತಿದ್ದಾನೆ. ಬಕೆಟ್ಟಿನ ಹಿಡಿ ಕಿರ್ರೆಂದಿತು. ಅವಳು ಕಣ್ಣು ಬಿಡಲಿಲ್ಲ. ಅವನು ಹಿತ್ತಿಲಿಗೆ ಹೋಗಿ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟ. ಅದು ತುಂಬಿ, ಹರಿದು, ಎರಡೂ ಕಾಲು ತೋಯ್ದ ಮೇಲೆಯೇ ನಲ್ಲಿ ನಿಲ್ಲಿಸಬೇಕೆಂದು ನೆನಪಾದದ್ದು.

ಈಗ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಅವಳ ಪಕ್ಕ, ಇಬ್ಬರ ನಡುವೆ ಒಂದು ಆಳು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಾನೆ. ಆ ಜಾಗದಲ್ಲಿ ಅವಳ ಎಕ್ಸ್‌ರೇಗಳ ಚೀಲವಿದೆ. ಬಿಸಿಲು ಬಲಿತಿದೆ, ಕಿಟಕಿಯಿಂದ ಬಂದ ಬಿಸಿಲಿನ ಪಟ್ಟೆ ನೆಲದ ಮೇಲೆ ಇಷ್ಟಿಷ್ಟೇ ಹತ್ತಿರ ಬರುತ್ತಿದ್ದರೆ ಅವಳು ಕಾಲನ್ನು ಇಷ್ಟಿಷ್ಟೇ ಒಳಕ್ಕೆ ಎಳೆದುಕೊಳ್ಳುತ್ತಿದ್ದಾಳೆ. ಬಿಸಿಲು ಅವಳಿಗೆ ಆಗದು. ಎರಡು ವರ್ಷದ ಹಿಂದೆ, ಮಹಡಿಯ ಮೇಲೆ ಅರಳೆ ಒಣಗಹಾಕಿದ್ದಾಗ, ಕೋಲು ಹಿಡಿದು ತಿರುವಿಹಾಕಿ ಕೆಳಗಿಳಿದು ಬಂದ ಹುಡುಗಿಯ ಎರಡೂ ಕೆನ್ನೆ, ಮೂಗಿನ ಮೇಲೆ ಸೇತುವೆ ಕಟ್ಟಿದ ಹಾಗೆ, ಕೆಂಪಾಗಿ ಉರಿಯುತ್ತಿದ್ದವು. ಬಿಸಿಲಿಗೆ ಆಗಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆಮೇಲೆ ಬೆರಳ ಗೆಣ್ಣು ಊದಿತು, ಜ್ವರ ಬಿಟ್ಟು ಬಿಟ್ಟು ಬಂತು, ಕೂದಲು ಬಾಚಣಿಗೆಗೆ ಬಂತು, ರಕ್ತ ಎಷ್ಟೋ ಸೀಸೆಗೆ ಹೋಯಿತು, ಕೊನೆಗೆ ಲೂಪಸ್ ಎಂಬ ಹೆಸರು ಬಂತು. "ಇಂಥಾ ಹೆಸರಿನ ಕಾಯಿಲೆ ನಮ್ಮ ಮನೇಗ್ಯಾಕಪ್ಪ ಬರಬೇಕು? ನಮ್ಮಂಥವರಿಗೆ ನೆಗಡಿ ಸಾಲದಾಗಿತ್ತಾ?" ಎಂದಿದ್ದಳು ಅವನ ಅಕ್ಕ. ಬಾಯಿ ಜೋರು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಅಡಿಗೆಮನೆಯನ್ನು ತನ್ನ ಕೈಗೆ ತೆಗೆದುಕೊಂಡು ಅಲ್ಲೇ ಒಂದು ಮೂಲೆಯಲ್ಲಿ ಮಲಗುತ್ತಿದ್ದಳು. ಸೊಸೆ ಅತ್ತದ್ದನ್ನು ಯಾರೂ ನೋಡಲಿಲ್ಲ. ಮಾತ್ರೆ ನುಂಗಿದಳು, ಮುಖ ಗುಂಡಗಾಯಿತು. ಮತ್ತೆ ಮಧ್ಯಾಹ್ನದ ಹೊತ್ತು ಅಂಗಡಿಗೆ ಬಂದು ಕೂತು ದಿಂಬಿನ ಗವಸು ಹೊಲಿದಳು.

ಪಕ್ಕದಿಂದ ಅವಳ ಉಸಿರು ಕೇಳಿಸುತ್ತಿದೆ. ಬಿಸಿ ಕಾಫಿಯನ್ನು ತುಟಿಯ ತುದಿಯಲ್ಲಿ ಗುಟುಕರಿಸುವವರ ಹಾಗೆ ಪುಟ್ಟ ಪುಟ್ಟ ಉಸಿರು. ಅವನಿಗೆ ಈ ಸದ್ದು ಬೇರೆ ಎಲ್ಲ ಸದ್ದಿಗಿಂತ ಪರಿಚಯ. ಆ ಬೆಳಗ್ಗಿನಿಂದ ದಿನಾ ಅವನು ಬಕೆಟ್ಟು ಹಿಡಿದು ನಡುಮನೆಯಲ್ಲಿ ನಿಲ್ಲುತ್ತಾನೆ. ನೋಡುವುದಿಲ್ಲ, ಗೋಡೆಯ ಕಡೆ ಮುಖ ಮಾಡಿ ಕಿವಿಗೊಡುತ್ತಾನೆ. ಸದ್ದು ಕೇಳಿಸಿದರೆ ನೀರಿಗೆ ಹೋಗುತ್ತಾನೆ. ಕೇಳಿಸುವುದು ಒಂದು ಕ್ಷಣ ತಡವಾದರೆ ಬಕೆಟ್ಟು ನೆಲಕ್ಕಿಟ್ಟು ಮತ್ತೆ ಕಿವಿಗೊಡುತ್ತಾನೆ. ಕೂತು ನಿದ್ದೆ ಹೋದವರಿಗೂ ಕೂತಲ್ಲೇ ಹೋಗಿಬಿಟ್ಟವರಿಗೂ ಮೊದಲ ನೋಟಕ್ಕೆ ಏನು ವ್ಯತ್ಯಾಸ? ಗದ್ದ ಎದೆಗೇ ಆನಿರುತ್ತದೆ, ಬಾಯಿ ತೆರೆದೇ ಇರುತ್ತದೆ.

"ಮಾವ, ನೀರು ಬೇಕಾ?" ಎಂದಳು ಅವಳು.

"ನಂಗ್ಯಾಕಮ್ಮ. ನೀ ಕುಡಿ."

"ನಂಗೇನಾಗಿದೆ, ಚೆನ್ನಾಗೇ ಇದೀನಿ."

ಚೆನ್ನಾಗೇ ಇದೀನಿ. ಈ ಮಾತನ್ನು ಅವಳು ಕಲಿತದ್ದು ಹೋದ ಮಳೆಗಾಲದಲ್ಲಿ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಜೋರಾಗಿ ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತದೆ ಎಂದು ಹತ್ತಿರದ ಡಾಕ್ಟರಿಗೆ ತೋರಿಸಿದಾಗ, ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಮನೆಯಲ್ಲಿ ಏನು ಕೆಲಸ ಎಂದಿದ್ದರು. ಹಾಸಿಗೆ ಅಂಗಡಿ, ಹತ್ತಿ ಹಿಂಜುತ್ತೇವೆ ಎಂದು ಮುದುಕ ಹೆಮ್ಮೆಯಿಂದಲೇ ಹೇಳಿದ. "ಮತ್ತಿನ್ನೇನು, ಹತ್ತಿ ಧೂಳು" ಎಂದು ಅವರು ಕೈ ತೊಳೆದುಕೊಂಡರು. ಆವತ್ತು ಮನೆಗೆ ಬಂದವನು ತನ್ನ ಅಂಗೈಯನ್ನು ದೀಪದ ಹತ್ತಿರ ಹಿಡಿದು ನೋಡಿಕೊಂಡ. ಗೆರೆಗಳ ಸಂದಿಯಲ್ಲಿ, ಉಗುರ ಬುಡದಲ್ಲಿ, ಹತ್ತಿಯ ಬಿಳಿ ನವಿರು. ಅಪ್ಪನ ಕಾಲದಿಂದ ಉಣ್ಣಿಸಿದ ಹತ್ತಿ ಮನೆಯ ಹೆಣ್ಣುಮಗಳ ಎದೆಯೊಳಗೆ ಹೋಗಿ ಕೂತಿದೆ ಎಂದರೆ! ಹಿಂಜುವ ಯಂತ್ರವನ್ನು ಊರಾಚೆಯ ಶೆಡ್ಡಿಗೆ ಸಾಗಿಸಿದ. ಅಂಗಿಯನ್ನು ಮೆಟ್ಟಿಲ ಬುಡದಲ್ಲೇ ಬಿಚ್ಚಿ ಕೊಡವಿ ಮೇಲೆ ಬರತೊಡಗಿದ. "ದಿನಾ ಬರೀ ಮೈಯಲ್ಲಿ ಮೆಟ್ಟಿಲು ಹತ್ತಿ ಬರ್ತೀಯಲ್ಲೋ, ಎದುರು ಮನೆಯವರು ಪೈಲ್ವಾನ್ ಬಂದ ಅಂತಾರೆ" ಎಂದು ಅಕ್ಕ ನಕ್ಕಳು. ಸೊಸೆಗೂ ಅಂಗಡಿಗೆ ಬರಬೇಡವೆಂದ. ಕೆಲವು ದಿನ ಬಿಟ್ಟು ಅವಳು ಕೇಳದೆ ಮತ್ತೆ ಬಂದಳು. ಮನೆಯಲ್ಲಿ ಕೂತರೂ ಉಸಿರು ಅಷ್ಟೇ ಮಾವ, ಇಲ್ಲಿ ಕೈಗೆ ಕೆಲಸವಾದರೂ ಇರುತ್ತದೆ ಎಂದಳು. ಅದು ನಿಜವೂ ಆಗಿತ್ತು. ಉಸಿರು ಸ್ವಲ್ಪವೂ ಸರಿಹೋಗಿರಲಿಲ್ಲ. ಎರಡನೆಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಎದೆ ಶುದ್ಧವಾಗಿದೆ, ಇದು ಗಾಬರಿ ಎಂದರು. ಮಗನೂ ಎಲ್ಲಿಂದಲೋ ಫೋನಿನಲ್ಲಿ, ಲಾರಿಗಳ ಸದ್ದಿನ ನಡುವೆ, "ಅವಳದು ಮೊದಲಿಂದ ಹೆದರಿಕೆ ಸ್ವಭಾವ ಅಪ್ಪಾ, ನೀವೂ ಅದಕ್ಕೆ ಗಾಳಿ ಹಾಕಬೇಡಿ" ಎಂದ. ಫೋನು ಅವಳ ಕೈಯಲ್ಲೇ ಇತ್ತು, ಎಲ್ಲರಿಗೂ ಕೇಳಿಸುವ ಹಾಗೆ. ಅಂದಿನಿಂದ ಅವಳು ಚೆನ್ನಾಗೇ ಇದ್ದಾಳೆ.

ಎಕ್ಸ್‌ರೇ ಕೋಣೆಯವನು ಹೆಸರು ಕೂಗಿದ. ಬಾಗಿಲು ಪೂರ್ತಿ ಮುಚ್ಚದೆ ಇದ್ದುದರಿಂದ ಮುದುಕನಿಗೆ ಎಲ್ಲ ಕೇಳಿಸಿತು. "ಉಸಿರು ಎಳ್ಕೊಳ್ಳಿ. ಇನ್ನೂ. ಇನ್ನೂ. ಹಿಡ್ಕೊಳ್ಳಿ." ಯಂತ್ರ ಗುಂಯ್ ಎಂದಿತು. "ಏನಮ್ಮಾ ಇದು, ಎಳ್ಕೊಳ್ಳಿ ಅಂದ್ರೆ ಭುಜ ಎತ್ತುತೀರಿ. ಭುಜದಲ್ಲಿ ಉಸಿರಾಡ್ತಾರಾ ಯಾರಾದ್ರೂ? ಇನ್ನೊಂದು ತೆಗೀಬೇಕು." ಮತ್ತೆ ಎಳ್ಕೊಳ್ಳಿ, ಮತ್ತೆ ಇನ್ನೂ. "ಹೋದ ಸಲಾನೂ ಹಿಂಗೇ ಮಾಡಿದ್ರಿ. ನಿಮಗೇ ಮನಸ್ಸಿಲ್ಲ ಅಂದ್ರೆ ನಾನೇನು ನಿಮ್ಮ ಪರವಾಗಿ ಎಳ್ಕೊಳ್ಳೋಕಾಗುತ್ತಾ?" ಅವಳು ಹೊರಗೆ ಬಂದಾಗ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿಕೊಂಡ ಮಗುವಿನ ಮುಖ. ಎದುರಿಗೆ ಕೂತಿದ್ದವರೆಲ್ಲ ಅವಳನ್ನೇ ನೋಡಿದರು. ಒಂದು ಮಾತು ಆಡಬೇಕಿತ್ತು ಎನ್ನಿಸಿತು ಮುದುಕನಿಗೆ. ಆ ಮಾತು ಯಾವುದೆಂದು ಹೊಳೆಯುವಷ್ಟರಲ್ಲಿ ಅವಳು ಬಂದು ಕೂತಾಗಿತ್ತು, ಇಬ್ಬರ ನಡುವೆ ಮತ್ತೆ ಚೀಲವಿತ್ತು.

ದಿಂಬು ಅವಳು ಮೊದಲು ಕೇಳಿಯೇ ಕೇಳಿದ್ದಳು. ಅದನ್ನು ಮರೆಯಲು ಅವನು ಎಷ್ಟು ಪ್ರಯತ್ನ ಪಟ್ಟಿದ್ದಾನೆ. ಅಂಗಡಿಯಲ್ಲಿ ಗವಸು ಹೊಲಿಯುತ್ತ, ತಲೆ ಎತ್ತದೆ, ಮಾವ ನಂಗೆ ಇನ್ನೊಂದು ದಿಂಬು ಬೇಕಾಗಿತ್ತು ಎಂದಳು. ಅವನು ನಕ್ಕ. ಒಂದಕ್ಕಿಂತ ಹೆಚ್ಚು ದಿಂಬು ಕೇಳುವವರಿಗೆ ಅವನು ಅಂಗಡಿ ಹಿಡಿದ ದಿನದಿಂದ ಹೇಳಿಕೊಂಡು ಬಂದ ಮಾತೊಂದಿತ್ತು. ಗಿರಾಕಿಗಳು ಅದನ್ನು ಕೇಳಿ ತಲೆದೂಗುತ್ತಿದ್ದರು. ಅದನ್ನೇ ಅವಳಿಗೂ ಹೇಳಿದ: "ಎರಡು ದಿಂಬು ಹಾಕ್ಕೊಂಡ್ರೆ ಕತ್ತು ಹಿಡ್ಕೊಳ್ಳುತ್ತೆ ಕಣಮ್ಮ. ದಿಂಬು ಸರಿಯಾಗಿ ತುಂಬಿದ್ರೆ ಒಂದೇ ಸಾಕು. ಹಾಸಿಗೆಯವನ ಸೊಸೆ ಎರಡು ದಿಂಬು ಹಾಕ್ಕೊಂಡಳು ಅಂದ್ರೆ ಊರವರು ನನ್ನ ದಿಂಬು ಸರಿಯಿಲ್ಲ ಅಂದ್ಕೊಳ್ಳಲ್ವಾ?" ಅವಳೂ ನಕ್ಕಳು. ಮತ್ತೆ ಕೇಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ, ಹಾಸ್ಟೆಲ್ಲಿಗೆಂದು ಕಟ್ಟಿಟ್ಟ ದಿಂಬುಗಳು ಲೆಕ್ಕಕ್ಕೆ ಬರಲಿಲ್ಲ. ಊಟಕ್ಕೆ ಕೂತಾಗ, ಅಕ್ಕನ ಮುಂದೆ, ಸೊಸೆ ಬಡಿಸುತ್ತಿರುವಾಗ, ದಿಂಬು ಯಾರಾದರೂ ತೆಗೆದಿರಾ ಎಂದು ಕೇಳಿದ. "ನಾನಂತೂ ತಿಂದಿಲ್ಲಪ್ಪ, ನಂಗೆ ಹಲ್ಲಿಲ್ಲ" ಎಂದಳು ಅಕ್ಕ. ಸೊಸೆಯ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿತು. "ನಾ ನೋಡಿಲ್ಲ ಮಾವ." ಅವಳ ತಂಗಿ ಆಗತಾನೆ ಹೊಸ ಮನೆ ಹೂಡಿದ್ದಳು. ಮುದುಕನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಮನೆಯ ದಿಂಬು ಒಂದೊಂದಾಗಿ ಆ ಮನೆಗೆ ನಡೆದುಹೋಗುತ್ತಿರುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣತೊಡಗಿತು.

ಎದೆಯ ಡಾಕ್ಟರು ಹೆಂಗಸು, ಮಗನಿಗಿಂತ ಚಿಕ್ಕವರು. ಎಕ್ಸ್‌ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹಳೆಯದನ್ನೂ ಪಕ್ಕಕ್ಕೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಎರಡು ಕಪ್ಪು ಚೀಲಗಳು, ನಡುವೆ ಬಿಳಿ ಹೃದಯ. ಹೊಸದರಲ್ಲಿ ಚೀಲಗಳು ಗಿಡ್ಡವಾಗಿ ಕಂಡವು ಮುದುಕನಿಗೆ; ಒಗೆದ ಮೇಲೆ ಕುಗ್ಗಿದ ಗವಸಿನ ಹಾಗೆ. ತನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡ.

"ಲೂಪಸ್ ಇರೋರಿಗೆ ಎದೇಲಿ ಏನು ಬೇಕಾದ್ರೂ ಆಗಬಹುದು, ಅದಕ್ಕೇ ಇಷ್ಟೊಂದು ಟೆಸ್ಟ್ ಮಾಡಿಸಿದ್ದು" ಎಂದರು ಡಾಕ್ಟರು. "ಸುತ್ತ ನೀರು ತುಂಬಬಹುದು, ಸೋಂಕು ಆಗಬಹುದು, ಒಳಗೇ ರಕ್ತ ಒಸರಬಹುದು, ನಾಳದಲ್ಲಿ ರಕ್ತ ಗಡ್ಡೆ ಕಟ್ಟಬಹುದು. ನಿಮಗೆ ಯಾವುದೂ ಇಲ್ಲ. ಹೃದಯಾನೂ ಚೆನ್ನಾಗಿದೆ. ಆದ್ರೂ ಮೂರು ಎಕ್ಸ್‌ರೇಲೂ ಉಸಿರು ಪೂರ್ತಿ ಎಳೆದಿಲ್ಲ ಅಂತ ಬರೆದಿದಾರೆ. ಊದೋ ಪರೀಕ್ಷೇಲೂ ಪೂರ್ತಿ ಊದಿಲ್ಲ ಅಂತ. ಯಾಕಮ್ಮಾ?"

"ನಾ ಎಳೀತೀನಿ ಡಾಕ್ಟ್ರೆ."

"ಮಲಗಿದಾಗ ಹೇಗಿರುತ್ತೆ?"

"ಚೆನ್ನಾಗೇ ಇರುತ್ತೆ."

"ಎಷ್ಟು ದಿಂಬು ಹಾಕ್ಕೋತೀರಿ?"

ಮುದುಕ ಬೆಚ್ಚಿ ತಲೆ ಎತ್ತಿದ. ಇವರಿಗೆ ಹೇಗೆ ಗೊತ್ತು? ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟೊಂದು ಯಂತ್ರ, ಇಷ್ಟು ಓದಿದ ಹೆಂಗಸು ದಿಂಬಿನ ಮಾತು ಯಾಕೆ ಎತ್ತಬೇಕು? ಅಂಗಡಿಯ ಲೆಕ್ಕ ಇಲ್ಲಿಯವರೆಗೆ ಬಂತೇ? ಅವಳು ತಲೆ ತಗ್ಗಿಸಿದ್ದಳು. ಅವಳ ಕಣ್ಣು ಒಂದೇ ಒಂದು ಸಲ, ಮುಖ ತಿರುಗಿಸದೆ, ಅವನ ಕಾಲಿನ ತನಕ ಬಂದು ಹಿಂದಕ್ಕೆ ಹೋಯಿತು.

"ಒಂದೇ" ಎಂದಳು.

"ತಾತ, ನಿಮಗೇನಾದ್ರೂ ಹೇಳೋದಿದೆಯಾ?"

ಬಾಯಿ ತೆರೆದ. ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು. ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಸೊಸೆ ತಲೆ ಎತ್ತುತ್ತಾಳೆ. ಹೇಳಿದ ಮೇಲೆ ಇವರೂ, ಹೌದಲ್ಲ, ಹತ್ತಿ ಅಂಗಡಿಯವರಲ್ಲವೇ, ನಾಲ್ಕು ದಿಂಬಿನ ಹತ್ತಿಯನ್ನು ಮುಖಕ್ಕೆ ಇಟ್ಟುಕೊಂಡು ಮಲಗಿದರೆ ಇನ್ನೇನಾಗುತ್ತದೆ ಎನ್ನಬಹುದು.

"ಏನಿಲ್ಲಮ್ಮ" ಎಂದ.

ಡಾಕ್ಟರು ಎಕ್ಸ್‌ರೇಗಳನ್ನು ತಮ್ಮ ಬಳಿಯೇ ಇಟ್ಟುಕೊಂಡು ಚೀಟಿ ಬರೆದರು. ಒಂದು ತಿಂಗಳು ಬಿಟ್ಟು ಬನ್ನಿ, ಅಷ್ಟರೊಳಗೆ ಮನಸ್ಸಿನ ಡಾಕ್ಟರನ್ನೂ ಒಂದು ಸಲ ಕಂಡುಬಿಡಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ ಎಂದರು. ಅವಳು ತಲೆಯಾಡಿಸಿ ಚೀಟಿಯನ್ನು ಮಡಿಸಿ, ಮತ್ತೆ ಮಡಿಸಿ, ಬೆರಳುಗುರಿನಷ್ಟಾಗುವ ತನಕ ಮಡಿಸಿದಳು.

ಮೆಟ್ಟಿಲಿಳಿಯುವಾಗ ಅವಳು ಅರ್ಧಕ್ಕೆ ನಿಂತು ಚಪ್ಪಲಿಯ ಬಾರು ಸರಿಮಾಡಿಕೊಂಡಳು. ನೀವು ಇಳೀರಿ ಮಾವ, ಬಂದೆ, ಎಂದಳು. ಕೆಳಗೆ ಹೋಗಿ ತಿರುಗಿ ನೋಡಿದರೆ ಇನ್ನೂ ಅಲ್ಲೇ ಬಾಗಿದ್ದಾಳೆ. ಬಾರು ಗಟ್ಟಿಯಾಗಿಯೇ ಇತ್ತು. ಬೆರಳು ಬಾರಿನ ಮೇಲೆ ಸುಮ್ಮನೆ ಓಡಾಡುತ್ತಿತ್ತು, ಭುಜಗಳೆರಡೂ ಮೇಲೆ ಕೆಳಗೆ, ಮೇಲೆ ಕೆಳಗೆ. ಪಕ್ಕದಲ್ಲಿ ಹತ್ತಿ ಹೋಗುವವರು ಅವಳನ್ನು ಸುತ್ತಿ ಹೋಗುತ್ತಿದ್ದರು. ಅವಳು ಯಾರಿಗೂ ಅಡ್ಡವಾಗದ ಹಾಗೆ ಇನ್ನಷ್ಟು ಗೋಡೆಗೆ ಒತ್ತಿಕೊಂಡಳು. ಮೆಟ್ಟಿಲು ಇಳಿಯುವುದಕ್ಕೂ ಸುಳ್ಳು ಬೇಕಾಗಿದೆ ಇವಳಿಗೆ, ಆ ಸುಳ್ಳು ನನಗೋಸ್ಕರ, ಎಂದು ಮುದುಕನಿಗೆ ಅನ್ನಿಸಿತು. ನಾಳೆ ಬೆಳಗ್ಗೆ ನಲ್ಲಿಗೆ ನೀರು ಬರುತ್ತದೆ. ಬಕೆಟ್ಟು ಹಿಡಿದು ನಡುಮನೆಗೆ ಬರಬೇಕು. ಗೋಡೆ ನೋಡುತ್ತ ನಿಲ್ಲಬೇಕು. ಒಂದು ದಿನ ಸದ್ದು ಬರುವುದಿಲ್ಲ. ಆಗ ಅಕ್ಕ ಬರುತ್ತಾಳೆ, ಮಗ ಬರುತ್ತಾನೆ, ಅವರ ನಡುವೆ ನಿಂತು ನನಗೇನೂ ಗೊತ್ತಿರಲಿಲ್ಲ ಎನ್ನಬೇಕು. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದೀತು ಎಂಬುದು ಅವನಿಗೆ ಈಗಷ್ಟೇ ಗೊತ್ತಾಗಿತ್ತು. ಏನಿಲ್ಲಮ್ಮ ಎಂದಷ್ಟೇ ಸಲೀಸಾಗಿ.

ಅವಳು ಕೆಳಗೆ ಬಂದು ನಿಂತಾಗ, "ಕನ್ನಡಕ ಬಿಟ್ಟು ಬಂದೆ. ಇಲ್ಲೇ ಬೆಂಚಿನ ಮೇಲೆ ಕೂತಿರು" ಎಂದ. ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅವಳು ಅದನ್ನು ನೋಡಿದಳೋ ಏನೋ.

ಬಾಗಿಲಲ್ಲಿದ್ದವನು ತಡೆದ. "ಟೋಕನ್ ಇಲ್ದೆ ಬಿಡಲ್ಲ ತಾತ."

"ಒಂದು ಮಾತು ಹೇಳಬೇಕು."

"ಎಲ್ಲರೂ ಒಂದು ಮಾತೇ ಹೇಳೋಕೆ ಬಂದಿರೋದು. ಕೂತ್ಕೊಳ್ಳಿ."

ಕೂತರೆ ಮತ್ತೆ ಏಳುವುದಿಲ್ಲವೆಂದು ಗೊತ್ತಿತ್ತು. ಬಾಗಿಲಲ್ಲಿದ್ದವನ ತೋಳಿನ ಕೆಳಗೆ ತೂರಿ ಒಳಗೆ ಹೋಗಿಬಿಟ್ಟ. ಒಳಗೆ ಸ್ಟೂಲಿನ ಮೇಲೆ ದಪ್ಪ ಮೀಸೆಯ ಗಂಡಸೊಬ್ಬ ಅಂಗಿ ಬಿಚ್ಚಿ ಕೂತಿದ್ದ. ಡಾಕ್ಟರು ಅವನ ಬೆನ್ನಿಗೆ ಕೊಳವೆ ಇಟ್ಟಿದ್ದರು. ಇಬ್ಬರೂ ತಿರುಗಿದರು.

"ಒಂದಲ್ಲಮ್ಮ" ಎಂದ ಮುದುಕ. ಏದುಸಿರು ಬರುತ್ತಿತ್ತು. "ನಾಲ್ಕು."

"ಏನು ನಾಲ್ಕು?"

"ದಿಂಬು. ನನ್ನ ಸೊಸೆ. ಈಗ ಬಂದಿದ್ದಳಲ್ಲ. ಮಲಗೋದಿಲ್ಲ ಅವಳು. ಗೋಡೆಗೆ ನಾಲ್ಕು ದಿಂಬು ಇಟ್ಕೊಂಡು ಕೂತೇ ನಿದ್ದೆ ಮಾಡ್ತಾಳೆ."

"ನಿಮಗೆ ಹೇಗೆ ಗೊತ್ತು?"

ಬಂತು. ಮೀಸೆಯವನು ಮೈಮೇಲೆ ಅಂಗಿ ಎಳೆದುಕೊಳ್ಳುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದ.

"ನೋಡಿದೀನಿ."

"ಅವರ ರೂಮಲ್ಲಾ?"

"ಹೂಂ."

"ಗಂಡ ಎಲ್ಲಿದಾರೆ?"

"ಲಾರಿ. ಊರಲ್ಲಿರಲ್ಲ."

ಮೀಸೆಯವನ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ನಗುವೋ ಕೆಮ್ಮೋ ತಿಳಿಯಲಿಲ್ಲ. ಮುದುಕ ಜೇಬಿನ ಕನ್ನಡಕವನ್ನು ಗಟ್ಟಿಯಾಗಿ ಹಿಡಿದುಕೊಂಡ. ಆದರೆ ಡಾಕ್ಟರ ಮುಖದಲ್ಲಿ ಅವನು ಹೆದರಿದ್ದ ಯಾವುದೂ ಕಾಣಲಿಲ್ಲ. ಅವರು ಕೊಳವೆಯನ್ನು ಕಿವಿಯಿಂದ ತೆಗೆದರು. ಮೊದಲು ಎಷ್ಟು ದಿಂಬಿತ್ತು, ಎರಡಾದದ್ದು ಯಾವಾಗ, ಕೂತು ಮಲಗಲು ಶುರುಮಾಡಿ ಎಷ್ಟು ದಿನವಾಯಿತು ಎಂದು ಕೇಳಿದರು. ಅವನು ಹೇಳುತ್ತ ಹೋದ. ಕಳುವಾದ ದಿಂಬಿನ ಲೆಕ್ಕವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಡಾಕ್ಟರು ಎದ್ದು ನಿಂತು ಬೆಳಕಿನ ಪೆಟ್ಟಿಗೆಗೆ ಆ ಎರಡು ಎಕ್ಸ್‌ರೇಗಳನ್ನು ಮತ್ತೆ ಸಿಕ್ಕಿಸಿದರು.

"ಎಲ್ಲಿದಾರೆ ಅವರು? ಕರ್ಕೊಂಡು ಬನ್ನಿ. ಮೆಟ್ಟಿಲು ಹತ್ತಿಸಬೇಡಿ, ಲಿಫ್ಟಲ್ಲಿ."

ಪರದೆಯ ಆಚೆ ಅವಳು, ಈಚೆ ಅವನು. ಯಾಕೆ ಕರೆದರೆಂದು ಅವಳು ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಭಯ ಹುಟ್ಟಿಸಿತು. ಡಾಕ್ಟರ ದನಿ ಕೇಳಿಸಿತು: "ದಿಂಬಿಲ್ಲದೆ ಚಪ್ಪಟೆಯಾಗಿ ಮಲಕ್ಕೊಳ್ಳಿ. ನಾ ಪಕ್ಕದಲ್ಲೇ ಇದೀನಿ." ರೆಕ್ಸಿನ್ ಸರಪರ ಅಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನು ದಿನಾ ಬೆಳಗ್ಗೆ ಕೇಳಿಸಿಕೊಳ್ಳುವ ಸದ್ದು, ಆದರೆ ಬೆನ್ನಟ್ಟಿಸಿಕೊಂಡವರ ಹಾಗೆ, ಒಂದರ ಮೇಲೊಂದು ಬಿದ್ದುಕೊಂಡು. "ಹೊಟ್ಟೆ ನೋಡಿ ಸಿಸ್ಟರ್" ಎಂದರು ಡಾಕ್ಟರು ಮೆಲ್ಲಗೆ, "ಉಸಿರು ಎಳೆದಾಗ ಉಬ್ಬಬೇಕು, ಒಳಗೆ ಹೋಗ್ತಿದೆ." "ಆಗಲ್ಲ ಡಾಕ್ಟ್ರೆ" ಎಂದಳು ಸೊಸೆ. "ಆಗಲ್ಲ, ಆಗಲ್ಲ..." ಆ ದನಿ ಅವಳದೆಂದು ಅವನಿಗೆ ಗುರುತೇ ಹತ್ತಲಿಲ್ಲ. ಮನೆಯಲ್ಲಿ ಅವಳು ಯಾವತ್ತೂ ಆಗಲ್ಲ ಎಂದವಳಲ್ಲ. ಎದ್ದು ಕೂರಿ, ಕೂರಿ, ಆಯ್ತು, ಎಂದು ಅವರು ಅವಳನ್ನು ಎತ್ತಿ ಕೂರಿಸಿದ್ದು ಪರದೆಯ ಮೇಲಿನ ನೆರಳಿನಲ್ಲಿ ಕಂಡಿತು. ಬಹಳ ಹೊತ್ತು ಉಸಿರಿನ ಸದ್ದೊಂದೇ.

"ಯಾಕಮ್ಮ ಹೇಳಲಿಲ್ಲ ನೀವು? ಎಷ್ಟು ದಿಂಬು ಅಂತ ಕೇಳಿದೆನಲ್ಲ."

ಅವಳು ತಡೆದು ತಡೆದು ಹೇಳಿದಳು. "ಕೇಳದೇನೇ... ತಗೊಂಡಿದ್ದೆ. ಅಂಗಡಿಯಿಂದ. ಮಾವ... ಅಲ್ಲೇ ಕೂತಿದ್ರಲ್ಲ."

ಮುದುಕ ಪರದೆಯ ಹಸಿರು ಬಟ್ಟೆಯನ್ನೇ ನೋಡುತ್ತ ನಿಂತ. ಗಟ್ಟಿ ನೇಯ್ಗೆ, ಅಂಚು ಮಾತ್ರ ಸರಿಯಾಗಿ ಮಡಿಸಿ ಹೊಲಿದಿಲ್ಲ, ಎಂದು ಕಣ್ಣು ತನ್ನ ಪಾಡಿಗೆ ತಾನು ನೋಡುತ್ತಿತ್ತು.

ಮಧ್ಯಾಹ್ನವೆಲ್ಲ ಪರೀಕ್ಷೆಗಳಾದವು. ಕೂತು ಊದಿಸಿದರು, ಒರಗಿಸಿ ಊದಿಸಿದರು. ಒರಗಿದಾಗ ಗಾಳಿ ಅರ್ಧಕ್ಕರ್ಧ ಇಳಿಯಿತಂತೆ. ಪಕ್ಕೆಗೆ ಯಂತ್ರ ಇಟ್ಟು, ಮೂಗಿನಲ್ಲಿ ಜೋರಾಗಿ ಮೂಸುವ ಹಾಗೆ ಉಸಿರೆಳೆಯಿರಿ ಎಂದು ನೋಡಿದರು. ಸಂಜೆಯ ಹೊತ್ತಿಗೆ ಡಾಕ್ಟರು ಅವಳ ಹಾಸಿಗೆಯ ಪಕ್ಕಕ್ಕೆ ಬಂದು, ಇಬ್ಬರಿಗೂ ತಿಳಿಯುವ ಹಾಗೆ, ಅವಸರವಿಲ್ಲದೆ ಹೇಳಿದರು. "ಶ್ವಾಸಕೋಶ ಚೆನ್ನಾಗೇ ಇದೆ. ಅದರ ಕೆಳಗೆ, ಎದೆಗೂ ಹೊಟ್ಟೆಗೂ ನಡುವೆ, ಮಾಂಸದ ಒಂದು ಪರದೆ ಇರುತ್ತೆ. ಅದು ಕೆಳಗಿಳಿದ್ರೆ ಉಸಿರು ಒಳಗೆ ಬರುತ್ತೆ. ಇವರಿಗೆ ಆ ಪರದೆ ಸೋತು ಮೇಲಕ್ಕೆ ಸರಿದಿದೆ. ಕೂತ್ರೆ ಹೊಟ್ಟೆ ಇಳಿದು ಸ್ವಲ್ಪ ಜಾಗ ಸಿಗುತ್ತೆ. ಮಲಗಿದ್ರೆ ಹೊಟ್ಟೆನೇ ಬಂದು ಒತ್ತುತ್ತೆ. ಲೂಪಸ್‌ನಲ್ಲಿ ಬಹಳ ಅಪರೂಪಕ್ಕೆ ಹೀಗಾಗುತ್ತೆ. ಎಕ್ಸ್‌ರೇಲಿ ಶ್ವಾಸಕೋಶ ಕುಗ್ಗಿದ ಹಾಗೆ ಕಾಣುತ್ತೆ, ನೋಡಿದವರು ಉಸಿರು ಎಳೆದಿಲ್ಲ ಅಂದ್ಕೋತಾರೆ. ನಾನೂ ಅಂದ್ಕೊಂಡೆ. ಇವರು ಎಳೀತಿಲ್ಲ ಅಂತಲ್ಲ. ಎಳೆಯೋಕೆ ಆಗ್ತಿರಲಿಲ್ಲ."

ಸೊಸೆ ಮುಖ ಗೋಡೆಗೆ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು; ಈ ಸಲ ಉಸಿರಿಗಲ್ಲ.

"ಹತ್ತಿ?" ಎಂದ ಮುದುಕ.

"ಯಾವ ಹತ್ತಿ?"

"ನಮ್ಮದು ಹಾಸಿಗೆ ಅಂಗಡಿ. ಧೂಳು ಒಳಗೆ ಹೋಗಿ..."

"ಹತ್ತಿ ಅಲ್ಲ ತಾತ."

ಅವನ ಮೈಯೆಲ್ಲ ಹಗುರಾಯಿತು. ಕೂರಬೇಕೆನ್ನಿಸಿತು. ಕೂತ ಮೇಲೆ, ಅವಳಿನ್ನೂ ಗೋಡೆಯ ಕಡೆ ತಿರುಗಿರುವಾಗಲೇ ತನಗೆ ಬಂದ ಈ ಸಮಾಧಾನದ ಬಗ್ಗೆ ಹೇಸಿಗೆಯಾಯಿತು.

ಆಸ್ಪತ್ರೆಯಲ್ಲಿ ಅಕ್ಕ ಉಳಿದಳು. ಸಿರಿಂಜು, ಡ್ರಿಪ್ಪು, ಹೊಸ ಮಾತ್ರೆ. ಡೋಸು ಹೆಚ್ಚು, ಮುಖ ಇನ್ನೂ ಊದುತ್ತದೆ, ಸೋಂಕು ತಾಗದ ಹಾಗೆ ನೋಡಿಕೊಳ್ಳಬೇಕು, ಪೂರ್ತಿ ಮೊದಲಿನ ಹಾಗಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು. ಮಗ ಬಂದ, ಹೆಂಡತಿಯ ಕಾಲ ಬಳಿ ಕೂತು, "ಹೆದರಿಕೆ ಅಂದ್ಬಿಟ್ಟಿದ್ದೆ" ಎಂದಷ್ಟೇ ಅಂದ. "ಅಂದ್ಬಿಟ್ಟಿದ್ರಿ" ಎಂದಳು ಅವಳು. ಆ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿದ್ದನ್ನು ಬಾಗಿಲಲ್ಲಿ ನಿಂತ ಮುದುಕ ಗಮನಿಸಿದ. ಮನೆಗೆ ಕಳಿಸುವ ದಿನ ಡಾಕ್ಟರು ಎಲ್ಲರ ಮುಂದೆ ಹೇಳಿದರು: ಉಸಿರು ಯಾವಾಗ ಕೈ ಕೊಡುತ್ತದೋ ಹೇಳಲಾಗದು, ರಾತ್ರಿ ಕೋಣೆಯ ಬಾಗಿಲು ಹಾಕಿಕೊಳ್ಳಬೇಡಿ, ಮನೆಯವರಿಗೆ ಕೇಳಿಸುವ ಹಾಗಿರಲಿ.

ಮಗ ನಾಲ್ಕು ದಿನ ಇದ್ದು ಲಾರಿಗೆ ಹೋದ. ಆ ರಾತ್ರಿ ದೀಪ ಆರಿಸುವ ಹೊತ್ತಿಗೆ, ಮುಂದಿನ ಕೋಣೆಯ ತನ್ನ ಹಾಸಿಗೆಯ ಮೇಲೆ ಕೂತಿದ್ದ ಮುದುಕನಿಗೆ ಒಂದು ಸದ್ದು ಕೇಳಿಸಿತು. ಚಿಲಕ. ಮೊದಲು ಎಂದೂ ಆ ಕೋಣೆಗೆ ಚಿಲಕ ಹಾಕಿದ್ದಿಲ್ಲ. ಇದೆ ಎಂಬುದೇ ಮರೆತಿತ್ತು. ತುಕ್ಕು ಹಿಡಿದ ಕಬ್ಬಿಣ ಮರವನ್ನು ಉಜ್ಜಿಕೊಂಡು ಹೋಗಿ ಟಕ್ ಎಂದಿತು. "ಬಾಗಿಲು ಹಾಕ್ಕೋಬೇಡ ಕಣೆ, ಡಾಕ್ಟ್ರು ಹೇಳಿದ್ದು ಮರೆತೆಯಾ" ಎಂದು ಅಕ್ಕ ಅಡಿಗೆಮನೆಯಿಂದ ಕೂಗಿದಳು. ಚಿಲಕ ಹಿಂದಕ್ಕೆ ಸರಿಯಲಿಲ್ಲ. ಚಿಲಕವಿಲ್ಲದಾಗ ಬಾಗಿಲಿನ ಅಂಚಿಗೆ ಉಳಿಯುತ್ತಿದ್ದ ಸಂದು ಈಗ ಇರಲಿಲ್ಲ; ಬೆಳಗ್ಗೆ ಬಕೆಟ್ಟು ಹಿಡಿದು ನಿಂತರೆ ಏನೂ ಕೇಳಿಸಲಿಲ್ಲ. ಇದೆಯೋ ಇಲ್ಲವೋ? ಮರಕ್ಕೆ ಕಿವಿ ಇಡುವ ಹಾಗಿಲ್ಲ. ಕರೆಯುವ ಹಾಗಿಲ್ಲ. ಒಳಗೆ ಉಸಿರು ಕಟ್ಟಿದರೆ ಚಿಲಕದ ತನಕ ಅವಳ ಕೈ ಹೋದೀತೇ? ಬಾಗಿಲು ಒಡೆಯಲು ಎಷ್ಟು ಹೊತ್ತು ಬೇಕು? ಅಂಗಡಿಯ ಸುತ್ತಿಗೆಯನ್ನು ತಂದು ತನ್ನ ಹಾಸಿಗೆಯ ಅಡಿಯಲ್ಲಿ ಇಟ್ಟುಕೊಂಡ. ಮಾರನೆಯ ರಾತ್ರಿಯೂ ಟಕ್. ಅದರ ಮಾರನೆಯ ರಾತ್ರಿಯೂ.

ಮಂಗಳವಾರ ಮಧ್ಯಾಹ್ನ ಅಕ್ಕ ಅಂಗಡಿ ಬೀದಿಗೆ ಹೋಗಿದ್ದಾಗ ಅವಳೇ ಅವನ ಎದುರು ಬಂದು ನಿಂತಳು. ಮುಖ ಚಂದ್ರನ ಹಾಗೆ ಊದಿತ್ತು, ಕಣ್ಣು ಮಾತ್ರ ಅವಳದೇ.

"ಮಾವ, ಅವತ್ತು ನನ್ನ ರೂಮಿನ ಬಾಗಿಲು ತೆರೆದಿತ್ತಾ?"

ತೆರೆದಿತ್ತು ಎನ್ನಬಹುದಿತ್ತು. ಗಾಳಿಗೆ ಎನ್ನಬಹುದಿತ್ತು, ಹಿತ್ತಿಲ ಬಾಗಿಲು ತೆರೆದರೆ ಆ ಮನೆಯಲ್ಲಿ ಗಾಳಿ ಬರುವುದುಂಟು. ಇಷ್ಟು ದಿನ ತನಗೆ ತಾನೇ ಹಾಗೆಂದು ಹೇಳಿಕೊಂಡೂ ಇದ್ದ. ಆದರೆ ಅವನ ತೋರುಬೆರಳಿಗೆ ಮರದ ತಣ್ಣನೆ ಇನ್ನೂ ನೆನಪಿತ್ತು.

"ಇಲ್ಲ. ಮುಚ್ಚಿತ್ತು. ನಾನೇ ತಳ್ಳಿದೆ."

"ಯಾಕೆ?"

"ದಿಂಬು ನಿನ್ನ ತಂಗಿ ಮನೆಗೆ ಹೋಯ್ತು ಅಂದ್ಕೊಂಡಿದ್ದೆ. ಗಂಟು ಕಟ್ಟಿಟ್ಟಿದೀಯೇನೋ ಅಂತ ನೋಡೋಕೆ."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು.

"ಕೇಳಿದಾಗ ಒಂದು ದಿಂಬು ಕೊಟ್ಟಿದ್ರೆ ಆಗ್ತಿತ್ತಲ್ಲ ಮಾವ" ಎಂದಳು. ಸಿಟ್ಟಿನಿಂದಲ್ಲ, ಉಪ್ಪು ಒಂದು ಚಿಟಿಕೆ ಕಮ್ಮಿಯಾಯಿತು ಎನ್ನುವಷ್ಟು ಮೆತ್ತಗೆ.

ಆ ರಾತ್ರಿಯೂ ಟಕ್ ಎಂದಿತು. ಡಾಕ್ಟರಿಗೆ ಹೇಳಿದ್ದು ಅವನೇ ಎಂಬುದನ್ನು ಚಿಲಕ ಕೇಳುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ನೋಡಿದ ಕಣ್ಣು ಆ ಮನೆಯಲ್ಲಿ ಇರುವ ತನಕ ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಬಾಗಿಲು ಹಾಕಿಕೊಂಡಿರುವ ತನಕ ಒಳಗೇನಾದರೂ ಯಾರಿಗೂ ಕೇಳಿಸುವುದಿಲ್ಲ. ಕತ್ತಲಲ್ಲಿ ಸುತ್ತಿಗೆಯ ಹಿಡಿ ಮುಟ್ಟಿ ನೋಡಿಕೊಂಡ. ಎಷ್ಟು ಪೆದ್ದು ಇದು, ಬಾಗಿಲಿಗೆಂದು ಸುತ್ತಿಗೆ ಇಟ್ಟುಕೊಂಡು ಕಾಯುತ್ತ ಮಲಗುವುದು.

ಮಾರನೆಯ ಸಂಜೆ ಅವನು ತನ್ನ ಹಾಸಿಗೆ ಸುತ್ತಿ, ಹಗ್ಗ ಬಿಗಿದು, ಹೆಗಲಿಗೆ ಏರಿಸಿದ. ಅಕ್ಕ ಹೊಸ್ತಿಲಿಗೆ ಬಂದಳು.

"ಎಲ್ಲಿಗೋ ಮಾರಾಯ, ಮನೆ ಖಾಲಿ ಮಾಡೋನ ಹಾಗೆ?"

"ಅಂಗಡೀಲೇ ಮಲಗ್ತೀನಿ. ಕೆಲಸ ಜಾಸ್ತಿ."

"ಈ ವಯಸ್ಸಲ್ಲಿ ನಿಂಗೆಂಥಾ ಕೆಲಸವೋ! ಊಟ?"

"ಬಂದು ಮಾಡ್ಕೊಂಡು ಹೋಗ್ತೀನಿ. ಬೆಳಗ್ಗೆ ನೀರು ನೀನೇ ಹಿಡ್ಕೋ."

"ಹಿಡ್ಕೋತೀನಿ ಬಿಡು. ಹಾಸಿಗೆಯವನಿಗೆ ಮನೇಲಿ ಮಲಗೋಕೆ ಜಾಗ ಇಲ್ಲ ಅಂತ ಊರೆಲ್ಲ ನಗಲಿ" ಎಂದಳು. ಆದರೆ ಅವಳ ದೃಷ್ಟಿ ಅವನ ಮುಖದ ಮೇಲೆ ನಿಂತು, ಆಮೇಲೆ ನಡುಮನೆಯ ಕಡೆ ತಿರುಗಿತು; ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸೊಸೆ ಕೋಣೆಯಿಂದ ಹೊರಗೆ ಬಂದಳು. ಎದೆಗೆ ಒಂದು ದಿಂಬು ಅವಚಿಕೊಂಡಿದ್ದಳು. ಗವಸಿನ ಮೂಲೆಯಲ್ಲಿದ್ದ ಹೊಲಿಗೆ ಅವನದೇ. ಹೋಗಿ ಬನ್ನಿ ಎಂದು ಅವಳು ಹೇಳುತ್ತಾಳೆಂದೋ, ಹೋಗಬೇಡಿ ಎಂದು ಹೇಳುತ್ತಾಳೆಂದೋ ಅವನು ಕಾದ. ಅವಳು ಹತ್ತಿರ ಬಂದು, ಅವನ ಹೆಗಲ ಮೇಲಿನ ಸುರುಳಿಯ ಹಗ್ಗದ ಸಂದಿಯಲ್ಲಿ ದಿಂಬನ್ನು ತೂರಿಸಿ, ಬೀಳದ ಹಾಗೆ ಒಂದು ಸಲ ಒತ್ತಿದಳು.

"ನಂಗೆ ಈಗ ಮೂರು ಸಾಕು" ಎಂದಳು.

ಅವನು ಮೆಟ್ಟಿಲಿಳಿದ. ಕೆಳಗಿನ ಮೆಟ್ಟಿಲಲ್ಲಿ, ದಿನಾ ಅಂಗಿ ಬಿಚ್ಚಿ ಕೊಡವುತ್ತಿದ್ದ ಜಾಗದಲ್ಲಿ ನಿಂತು ಕಿವಿಗೊಟ್ಟ. ಮೇಲೆ ಅಕ್ಕ ಪಾತ್ರೆ ಎತ್ತಿಟ್ಟಳು, ಯಾರೋ ನಡುಮನೆಯಲ್ಲಿ ನಡೆದರು, ದೀಪದ ಗುಂಡಿ ಚಟ್ ಎಂದಿತು. ಟಕ್ ಎಂಬ ಇನ್ನೊಂದು ಸದ್ದಿಗಾಗಿ ಕಾದ. ಕಾಲು ನೋಯುವ ತನಕ ಕಾದ. ಅದು ಬರಲಿಲ್ಲ. ಆಗ ಹೆಗಲ ಮೇಲಿನ ಸುರುಳಿಯನ್ನು ಸರಿಮಾಡಿಕೊಂಡು ಬೀದಿಗೆ ಇಳಿದ. ಅವನು ಹೆದರಿದ್ದ ಹಾಗೆ ಸೊಸೆ ಹೋಗಲಿಲ್ಲ; ಆ ಮನೆಯಿಂದ ಹೋದವನು ಮುದುಕ, ಹೋದದ್ದು ಬುಧವಾರ.